ಸಹಾಯ ಬೇಕು: ಅಣ್ಣನ ಗೊರಕೆ, ಇಳಿಯದ ರಕ್ತದೊತ್ತಡ

ಎಲ್ಲರಿಗೂ ನಮಸ್ಕಾರ. ಅಣ್ಣನ ಗೊರಕೆಯ ಬಗ್ಗೆ ಅನುಭವಸ್ಥರ ಸಲಹೆ ಬೇಕು. ಸದ್ದಿಗೆ ಮನೆಯವರೆಲ್ಲ ಒಗ್ಗಿಕೊಂಡಿದ್ದೇವೆ. ಭಯವಾಗುವುದು ಸದ್ದು ನಿಂತಾಗ. ಸ್ವಲ್ಪ ಹೊತ್ತು ಉಸಿರೇ ಇರುವುದಿಲ್ಲ, ಆಮೇಲೆ ಬೆಚ್ಚಿಬಿದ್ದವನಂತೆ ಜೋರಾಗಿ ಉಸಿರೆಳೆದುಕೊಳ್ಳುತ್ತಾನೆ. ಬೆಳಗ್ಗೆ ತಲೆನೋವು, ಹಗಲೆಲ್ಲ ಕುಳಿತಲ್ಲೇ ತೂಕಡಿಕೆ. ಮೂರು ಬಗೆಯ ಮಾತ್ರೆ ನುಂಗಿದರೂ ರಕ್ತದೊತ್ತಡ ಹತೋಟಿಗೆ ಬಂದಿಲ್ಲ.

ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ) ಇರಬಹುದೆಂದು ವೈದ್ಯರು ನಿದ್ರಾ ಪರೀಕ್ಷೆ ಬರೆದುಕೊಟ್ಟಿದ್ದಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಪ್ರತಿ ಬಾರಿಯೂ ದೇಹ ಗಾಬರಿಗೊಂಡು ರಕ್ತದೊತ್ತಡ ಏರಿಸುತ್ತದೆ ಎಂದು ವಿವರಿಸಿದರು. ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಟೈಪ್ 2 ಮಧುಮೇಹ ಇವುಗಳಿಗೂ ಇದರ ನಂಟಿದೆಯಂತೆ. ವಯಸ್ಕರಲ್ಲಿ ಗಂಟೆಗೆ ಇಂಥ ಅಡಚಣೆಗಳು 5ಕ್ಕಿಂತ ಕಡಿಮೆಯಿದ್ದರೆ ಸಹಜ, 30 ಮುಟ್ಟಿದರೆ ತೀವ್ರ.

ಅಣ್ಣನದು ಒಂದೇ ಮಾತು: "ಗೊರಕೆಗೂ ಯಾರಾದರೂ ಪರೀಕ್ಷೆ ಮಾಡಿಸುತ್ತಾರೆಯೇ?" (ಅಪ್ಪನೂ ಹೀಗೆಯೇ. ಹಠ ವಂಶಪಾರಂಪರ್ಯ ಎನ್ನಲು ಯಾವ ಪರೀಕ್ಷೆಯೂ ಬೇಡ.) ಅವನು ದಿನವೂ ಕಾರು ಓಡಿಸುತ್ತಾನೆ, ನನ್ನ ದೊಡ್ಡ ಆತಂಕ ಅದೇ.

ಮನೆಯಲ್ಲೇ ಸಾಧನ ಕಟ್ಟಿಕೊಂಡು ಮಾಡುವ ಪರೀಕ್ಷೆ ನಿಮಗೆ ಸಾಕಾಯಿತೇ, ಇಲ್ಲವೇ ಆಸ್ಪತ್ರೆಯಲ್ಲಿ ರಾತ್ರಿ ಮಲಗಬೇಕಾಯಿತೇ? ಸಿಪ್ಯಾಪ್ ಯಂತ್ರ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಾಧನ) ಬಳಸುವವರು ಮುಖದ ಮಾಸ್ಕ್‌ಗೆ ಹೇಗೆ ಒಗ್ಗಿಕೊಂಡಿರಿ? ರಕ್ತದೊತ್ತಡದಲ್ಲಿ ವ್ಯತ್ಯಾಸ ಕಂಡಿತೇ? ಥೈರಾಯ್ಡ್ ಕೊರತೆಯಿಂದಲೂ ಹೀಗಾಗುತ್ತದೆ ಎಂದು ಓದಿದ್ದೇನೆ, ಯಾರಿಗಾದರೂ ಹಾಗಾಗಿದೆಯೇ?

ದಯವಿಟ್ಟು ತೂಕ ಇಳಿಸಲು ಹೇಳಬೇಡಿ, ಅವನು ಸಣಕಲ. ಮನೆಮದ್ದೂ ಬೇಡ. ಒಪ್ಪದವರನ್ನು ಪರೀಕ್ಷೆಗೆ ಒಪ್ಪಿಸಿದ ಉಪಾಯವಿದ್ದರೆ ಮೊದಲು ಅದನ್ನೇ ಬರೆಯಿರಿ.