ಓಡದ ಸಿನಿಮಾಗಳನ್ನು ಮನೆಯಲ್ಲಿ ಹಾಕಲು ಪ್ರೊಜೆಕ್ಟರ್ ಕೊಳ್ಳಲಾ? ಅನುಭವ ಇದ್ದವರು ಹೇಳಿ

ವಿಜಯನಗರ, ಮೈಸೂರು:
ನಾನು ಸಿನಿಮಾ ಪಂಡಿತನಲ್ಲ, ಸುಮ್ನೆ ನೋಡುವವನು. ಹಿಟ್ ಆದವನ್ನೇ ನೋಡಿ ನೋಡಿ ಸಾಕಾಗಿದೆ. ಓಡದೇ ಹೋದ, ಅರ್ಧ ಚೆನ್ನಾಗಿದ್ದು ಅರ್ಧ ಎಡವಿದ ಕನ್ನಡ ಸಿನಿಮಾಗಳನ್ನು ಭಾನುವಾರ ಸಂಜೆ ಮನೆಯವರು, ಅಕ್ಕಪಕ್ಕದವರು ಕೂತು ನೋಡಬೇಕು ಅಂತ ಆಸೆ. ಹತ್ತು ಜನ ಕೂರುವ ಹಾಲ್ ಇದೆ. ಬಜೆಟ್ 15,000. ಪ್ರೊಜೆಕ್ಟರ್ ಬೇಕಾ, ಟಿವಿ ಸಾಕಾ? ಮೊದಲು ಯಾವುದು ಹಾಕಲಿ?

ಕುವೆಂಪುನಗರ:
ಸೆಕೆಂಡ್ ಹ್ಯಾಂಡ್ ಮುಟ್ಟಬೇಡಿ. ಯಾವುದೋ ಆಫೀಸಿನಲ್ಲಿ ಬಳಸಿ ಬಿಟ್ಟ ಪ್ರೊಜೆಕ್ಟರನ್ನು ನಾನು 11,500ಕ್ಕೆ ತಂದೆ. ಮೆನುವಿನಲ್ಲಿ ಲ್ಯಾಂಪ್ ಓಡಿದ್ದು 300 ಗಂಟೆ ಅಂತ ತೋರಿಸುತ್ತಿತ್ತು. ಮಾರಿದವನು ಲೆಕ್ಕವನ್ನು ರೀಸೆಟ್ ಮಾಡಿದ್ದ ಅಂತ ಆಮೇಲೆ ರಿಪೇರಿಯವರು ಹೇಳಿದರು. ‘ಏಕಾಂಗಿ’ ಹಾಕಿದ ದಿನ, ಆ ಗಾಜಿನ ಮನೆ ಬರುವ ಹೊತ್ತಿಗೆ ಬಿಳಿಯೆಲ್ಲ ಹಳದಿಯಾಯಿತು, ಮಧ್ಯಂತರಕ್ಕೆ ಮುಂಚೆಯೇ ಟಪ್ ಅಂತ ಲ್ಯಾಂಪ್ ಹೋಯಿತು. ಹೊಸ ಲ್ಯಾಂಪ್ 4,800, ಕೊರಿಯರ್ 260. ಬಂದಿದ್ದು ಡೂಪ್ಲಿಕೇಟ್, ಮೂಲೆಯಲ್ಲಿ ನೀಲಿ ಕಲೆ. ವಾಪಸ್ ಕಳಿಸುವ ಖರ್ಚೂ ನನ್ನದೇ. ಹತ್ತು ಮೀಟರ್ ಕೇಬಲ್ 1,150. ಪರದೆ ಬಟ್ಟೆ ಹೊಲಿಸಿದ್ದು 350, ಅದಕ್ಕೆ ಮಡಿಕೆ ಬಿದ್ದು ರವಿಚಂದ್ರನ್ ಮುಖದ ಮೇಲೆ ಗೆರೆ.

ಆದರೂ ಏಕಾಂಗಿ ಬಗ್ಗೆ ಯಾರೂ ಕೆಟ್ಟ ಮಾತಾಡಬೇಡಿ. 2002ರಲ್ಲಿ ಅಷ್ಟು ದುಡ್ಡು ಸುರಿದು, ಒಬ್ಬ ಒಂಟಿ ಮನುಷ್ಯನ ಮೇಲೆ ಅಷ್ಟು ಹೊತ್ತು ಕ್ಯಾಮೆರಾ ಇಟ್ಟ ಸ್ಟಾರ್ ಇನ್ಯಾರಿದ್ದರು? ಎರಡನೇ ಅರ್ಧ ಮಾತು ಜಾಸ್ತಿ, ಒಪ್ಪುತ್ತೇನೆ. ಬಣ್ಣ ನೋಡಿ, ಬೆಳಕು ನೋಡಿ.

ಮಂಡ್ಯ, ಸುಭಾಷ್‌ನಗರ:
ಏಕಾಂಗಿ ಮರೆತುಹೋದ ಸಿನಿಮಾ ಹೇಗಾಗುತ್ತೆ ಸಾರ್? ಅದರ ಹಾಡು ಇವತ್ತಿಗೂ ಬಸ್ಸಲ್ಲಿ ಕೇಳುತ್ತೆ. ಮರೆತಿದ್ದು ಅಂದರೆ ‘ಒಂದು ಮುತ್ತಿನ ಕಥೆ’. 1987, ಶಂಕರ್ ನಾಗ್ ನಿರ್ದೇಶನ, ಅಣ್ಣಾವ್ರು ಹೀರೋ. ಅಮೆರಿಕದ ಲೇಖಕ ಸ್ಟೈನ್‌ಬೆಕ್ ಬರೆದ ಕಥೆ ತಂದು, ಮಾಲ್ಡೀವ್ಸ್ ಸಮುದ್ರದೊಳಗೆ ಶೂಟ್ ಮಾಡಿದರು. ಆಗ ಯಾವನಿಗಿತ್ತು ಆ ಧೈರ್ಯ? ಜನಕ್ಕೆ ಹಿಡಿಸಲಿಲ್ಲ. ಅಣ್ಣಾವ್ರನ್ನು ಹರಕಲು ಬಟ್ಟೆಯ ಬಡ ಮೀನುಗಾರನಾಗಿ ನೋಡೋಕೆ ಅಭಿಮಾನಿಗಳಿಗೆ ಮನಸ್ಸು ಬರಲಿಲ್ಲ ಅಂತ ನನ್ನ ಅಭಿಪ್ರಾಯ.

ನನ್ನ ಹತ್ತಿರ ಇದರ ವಿಸಿಡಿ ಇತ್ತು. ಇಂಥವೇ ನೂರಾರು ಇದ್ದವು. ಅಂಗಡಿಗಳು ಬಾಗಿಲು ಹಾಕುವಾಗ ಒಂದೊಂದು 20, 30 ರೂಪಾಯಿಗೆ ಕೊಟ್ಟರು, ಮೂಟೆಯಲ್ಲಿ ತಂದೆ. ಅಟ್ಟದ ಮೇಲೆ ಟ್ರಂಕಲ್ಲಿ ಇಟ್ಟಿದ್ದೆ. ಮಳೆಗಾಲದಲ್ಲಿ ಅಟ್ಟ ಸೋರಿತು. ತೆಗೆದು ನೋಡಿದರೆ ಡಿಸ್ಕ್ ಅಂಚಿನಿಂದ ಬೆಳ್ಳಿ ಪದರ ಸಿಪ್ಪೆ ಹಾಗೆ ಎದ್ದು ಬರುತ್ತಿತ್ತು, ಬೆರಳಿಗೆ ಅಂಟುತ್ತಿತ್ತು. ಮೊದಲ ಡಿಸ್ಕ್ ಓಡುತ್ತೆ, ಎರಡನೇದು ಓಡಲ್ಲ. ಹಾಗಾಗಿ ನನ್ನ ಹತ್ತಿರ ಈಗ ಇರುವುದೆಲ್ಲ ಅರ್ಧ ಸಿನಿಮಾ. ಸರಿ ಮಾಡಿಕೊಡುತ್ತೇವೆ ಅಂತ ಮೈಸೂರಿನ ಒಬ್ಬರು 3,000 ಅಡ್ವಾನ್ಸ್ ತಗೊಂಡರು. ಡಿಸ್ಕೂ ಬರಲಿಲ್ಲ, ದುಡ್ಡೂ ಬರಲಿಲ್ಲ.

ಕುವೆಂಪುನಗರ:
ವಿಸಿಡಿ ಚಿತ್ರದಲ್ಲಿ ಇರೋದೇ 352 ಬೈ 288 ಚುಕ್ಕಿ (ಪಿಕ್ಸೆಲ್), ಅದನ್ನು ಎಂಟಡಿ ಪರದೆಗೆ ಹಾಕಿದರೆ ಏನು ಕಾಣುತ್ತೆ? ಚೌಕ ಚೌಕ ಕಾಣುತ್ತೆ. ಡಿಸ್ಕ್ ಹೋಗಿದ್ದಕ್ಕೆ ಅಷ್ಟು ಗೋಳು ಯಾಕೆ?

ಮಂಡ್ಯ, ಸುಭಾಷ್‌ನಗರ:
ಅದು ನನ್ನ ತಂದೆ ಜೊತೆ ಕೂತು ನೋಡಿದ ಸಿನಿಮಾ. ಹನ್ನೊಂದು ಸಾವಿರ ಕೊಟ್ಟು ಹಳದಿ ಚಿತ್ರ ನೋಡಿದವರು ನನಗೆ ಚೌಕದ ಲೆಕ್ಕ ಹೇಳಬೇಡಿ.

ಜೆ.ಪಿ. ನಗರ, ಮೈಸೂರು:
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ನಾನು ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಹಾಕುತ್ತಿದ್ದೆ, ಟಿವಿಯಲ್ಲೇ. ಹಾಲ್ ಬಾಡಿಗೆ 500, ಕರೆಂಟಿಗೆ 100, ಕಾಫಿ, ಕೋಡುಬಳೆ ಎಲ್ಲ ನನ್ನ ಕೈಯಿಂದ. ‘ತರ್ಕ’ ಹಾಕಿದೆ. 1989, ಸುನೀಲ್ ಕುಮಾರ್ ದೇಸಾಯಿ ಮೊದಲ ಸಿನಿಮಾ, ಶಂಕರ್ ನಾಗ್, ಹಾಡೇ ಇಲ್ಲ. ಈಗ ನೋಡಿದರೆ ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತೆ, ಕೆಲವರ ನಟನೆ ನಾಟಕದ ಹಾಗಿದೆ. ಆದರೆ ಕೊನೆವರೆಗೆ ಯಾರೂ ಅಲ್ಲಾಡಲಿಲ್ಲ. ಒಬ್ಬರು ಮಾತ್ರ, ನಮ್ಮ ಕಮಿಟಿಯವರೇ, ಫೋನಲ್ಲಿ ಹುಡುಕಿ ಕೊಲೆಗಾರ ಯಾರು ಅಂತ ಗಟ್ಟಿಯಾಗಿ ಹೇಳಿಬಿಟ್ಟರು. ನಾನು ಅಲ್ಲೇ ಬೈದೆ. ಮುಂದಿನ ತಿಂಗಳಿಂದ ಹಾಲ್ ಸಿಗಲಿಲ್ಲ. ಬೈದಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಇನ್ನೊಂದು ವಿಷಯ. ಇಂಟರ್ನೆಟ್ಟಲ್ಲಿ ಸಿಗುವ ಹಳೆ ಕಾಪಿಗಳನ್ನು ಅಗಲಕ್ಕೆ ಎಳೆದು ಹಾಕಿರುತ್ತಾರೆ. ಕಲ್ಪನಾ ಮುಖ ದುಂಡಗೆ ಕಾಣುತ್ತೆ. ಟಿವಿ ಸೆಟ್ಟಿಂಗಲ್ಲಿ 4:3 ಮಾಡಿ, ಅಕ್ಕಪಕ್ಕ ಕಪ್ಪು ಬಿಟ್ಟರೂ ಪರವಾಗಿಲ್ಲ.

ಮಂಡ್ಯ, ಗುತ್ತಲು ರಸ್ತೆ:
ಎಲ್ಲರೂ ಹಳೇದೇ ಹೇಳುತ್ತಿದ್ದೀರಿ. ನಮ್ಮ ಕಡೆಯ ‘ತಿಥಿ’ ಹಾಕಿ. ನೊದೆಕೊಪ್ಪಲಿನ ಜನರೇ ಮಾಡಿದ್ದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಬಂತು.

ಜೆ.ಪಿ. ನಗರ, ಮೈಸೂರು:
ತಿಥಿ ಎಲ್ಲರಿಗೂ ಗೊತ್ತು, ಅದರಲ್ಲಿ ದೋಷವೂ ಕಮ್ಮಿ. ಅವರು ಕೇಳಿದ್ದು ಎಡವಿದ ಸಿನಿಮಾ. ನಮ್ಮಲ್ಲಿ ಹಾಕಿದಾಗ ಗಡ್ಡಪ್ಪ ನಡೆದು ಬಂದರೆ ಸಾಕು ಎಲ್ಲರೂ ನಗುತ್ತಿದ್ದರು.

ಮಂಡ್ಯ, ಗುತ್ತಲು ರಸ್ತೆ:
ಅದೇ ನನಗೆ ಆಗದಿರೋದು. ನಮ್ಮ ಮಾತು ಕೇಳಿದರೆ ಮೈಸೂರು ಅಪಾರ್ಟ್‌ಮೆಂಟ್‌ನವರಿಗೆ ನಗು ಬರುತ್ತೆ. ಆ ಮನುಷ್ಯ ಕುರಿ ಕಾಯುವವರ ಹತ್ತಿರ ಕೂತು ತನ್ನ ಹೆಂಡತಿ ಕಥೆ ಹೇಳುವಾಗಲೂ ನಕ್ಕರಾ? ನಾನು ಮಂಡ್ಯದಲ್ಲಿ ನೋಡಿದಾಗ ಆ ಜಾಗದಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಜೆ.ಪಿ. ನಗರ, ಮೈಸೂರು:
ನಾನು ಹುಟ್ಟಿದ್ದು ಪಾಂಡವಪುರದಲ್ಲಿ. ನನಗೆ ಮಂಡ್ಯ ಮಾತು ಹೇಳಿಕೊಡಬೇಡಿ.

ಸರಸ್ವತಿಪುರಂ:
ಜಗಳ ಬಿಡಿ, ‘ಕಾಕನಕೋಟೆ’ ಬಗ್ಗೆ ಒಬ್ಬರೂ ಹೇಳಲಿಲ್ಲ ಅಲ್ವಾ? ಮಾಸ್ತಿಯವರ ನಾಟಕ, ಸಿ.ಆರ್. ಸಿಂಹ ನಿರ್ದೇಶನ, 1977. ‘ನೇಸರ ನೋಡು’ ಹಾಡು ಎಲ್ಲರ ಬಾಯಲ್ಲಿದೆ, ಸಿನಿಮಾ ನೋಡಿದವರು ಸಿಗುವುದಿಲ್ಲ. ಎಚ್.ಡಿ. ಕೋಟೆ ಕಡೆ ಸಫಾರಿಗೆ ಹೋಗುವವರು ಆ ಕಾಡಿನ ಕಥೆ ಒಮ್ಮೆ ನೋಡಬೇಕು. ಅಲ್ಲಲ್ಲಿ ನಾಟಕದ ವಾಸನೆ ಇದೆ, ನಡಿಗೆ ನಿಧಾನ. ಸಿ. ಅಶ್ವತ್ಥ್ ಸಂಗೀತ ಬಂದಾಗ ಅದೆಲ್ಲ ಮರೆತುಹೋಗುತ್ತೆ. ನಾನು ಟಿವಿಯಲ್ಲಿ ಹಾಕಿ, ಧ್ವನಿಗೆ ಮಾತ್ರ 6,200ರ ಸ್ಪೀಕರ್ ತಂದೆ. ಹಳೆ ಸಿನಿಮಾಕ್ಕೆ ಮಾತು ಸ್ಪಷ್ಟ ಕೇಳಬೇಕು, ಚಿತ್ರ ಆಮೇಲೆ.

ಕುವೆಂಪುನಗರ:
ಧ್ವನಿ ಸಾಕು ಅನ್ನುವುದಾದರೆ ರೇಡಿಯೋ ಕೇಳಿ. ಸಿನಿಮಾ ದೊಡ್ಡದಾಗೇ ನೋಡಬೇಕು. ಶಾಂತಲಾ ಟಾಕೀಸ್ ಮುಚ್ಚಿದ್ದು ಇಂಥ ಮಾತುಗಳಿಂದಲೇ, ಮನೆಯಲ್ಲಿ ಟಿವಿ ಸಾಕು ಅಂತ ಎಲ್ಲರೂ ಕೂತರು.

ಸರಸ್ವತಿಪುರಂ:
ಶಾಂತಲಾ ಮುಚ್ಚಿದ್ದು 2020ರಲ್ಲಿ, ಕೊರೊನಾ ಬಂದು ತಿಂಗಳುಗಟ್ಟಲೆ ಶೋ ನಿಂತಾಗ. ನನ್ನ ಟಿವಿಯಿಂದ ಅಲ್ಲ. ಅಲ್ಲಿ ಟಿಕೆಟ್ ತಗೊಂಡು ಖಾಲಿ ಹಾಲ್‌ನಲ್ಲಿ ಕೂತವರಲ್ಲಿ ನಾನೂ ಒಬ್ಬಳು. ನೀವು ಕೊನೆ ಸಲ ಅಲ್ಲಿಗೆ ಯಾವಾಗ ಹೋಗಿದ್ದಿರಿ, ಅದನ್ನು ಹೇಳಿ ಮೊದಲು.

ಕುವೆಂಪುನಗರ:
ಅದು ಇಲ್ಲಿ ಬೇಡದ ವಿಷಯ.

ಮಂಡ್ಯ, ಸುಭಾಷ್‌ನಗರ:
ಬೇಡದ ವಿಷಯ ಹೇಗಾಗುತ್ತೆ, ಎತ್ತಿದ್ದು ನೀವೇ ಅಲ್ವಾ? ಒಂದು ಮುತ್ತಿನ ಕಥೆಯ ಎರಡನೇ ಡಿಸ್ಕ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಅಡ್ವಾನ್ಸ್ ಮಾತ್ರ ಕೊಡಲ್ಲ.