ಪದ ಬೇಕು: ‘ಕಾನ್‌ಸ್ಟಂಟ್ ಕರೆಂಟ್’ ಎಲ್‌ಇಡಿ ಡ್ರೈವರ್

ಎಲ್ಲರಿಗೂ ನಮಸ್ಕಾರ. ಎಲ್‌ಇಡಿ ಡ್ರೈವರ್ (ಎಲ್‌ಇಡಿ ದೀಪಕ್ಕೆ ತಕ್ಕಂತೆ ವಿದ್ಯುತ್ ಕೊಡುವ ಡಬ್ಬ) ಜೊತೆ ಕೊಡುವ ಕೈಪಿಡಿಯನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಲೇಬಲ್ಲಿನಲ್ಲಿ ಹೀಗಿದೆ: ‘ಕಾನ್‌ಸ್ಟಂಟ್ ಕರೆಂಟ್, 350 ಮಿಲಿಆಂಪಿಯರ್, 24–42 ವೋಲ್ಟ್ ಡಿಸಿ’. ಅದರ ಕೆಳಗೆ, ಕಾನ್‌ಸ್ಟಂಟ್ ವೋಲ್ಟೇಜ್ ಎಲ್‌ಇಡಿ ಪಟ್ಟಿಗಳಿಗೆ ಜೋಡಿಸಬೇಡಿ ಅನ್ನುವ ಎಚ್ಚರಿಕೆ. ಎರಡೂ ಪದ ಜೋಡಿಯಾಗಿ ನಿಲ್ಲಬೇಕು.

‘ಸ್ಥಿರ ವಿದ್ಯುತ್’ ಆಗುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಅದು ಬಾಚಣಿಗೆ ಉಜ್ಜಿದಾಗ ಬರುವ ವಿದ್ಯುತ್ತು. ‘ಸ್ಥಿರ ಪ್ರವಾಹ’ ಅಂದರೆ ಓದುವವರಿಗೆ ಮೊದಲು ನೆನಪಾಗುವುದು ಕೃಷ್ಣಾ ತೀರ. ಜಾಗ ಬೇರೆ ಕಮ್ಮಿ. ಏನು ಬರೆಯಲಿ?

———

> ‘ಸ್ಥಿರ ಪ್ರವಾಹ’ ಅಂದರೆ

‘ಹರಿವು’ ಇರುವಾಗ ಪ್ರವಾಹ ಯಾಕೆ? ‘ಸ್ಥಿರಹರಿವು’ ಮಾತ್ರ ಬೇಡ, ಅರಿಸಮಾಸ. ‘ಒಂದೇಹರಿವು’ ಅನ್ನಿ. ಹಳಗನ್ನಡದ ‘ಪರಿ’ಯೇ ಇಂದಿನ ‘ಹರಿ’, ಪಾಲು ಹಾಲಾದ ಹಾಗೆ. ಇಷ್ಟು ಹಳೆಯ ಪದ ಮನೆಯಲ್ಲೇ ಇದೆ. ಡ್ರೈವರಿಗೆ ‘ನಡೆಸುಗ’.

———

ವೈರಿನ ಸಾಮಾನಿನ ಮೇಲೆ ‘ಹರಿ’ ಅಂತ ಬರೆದರೆ ಹರಿದುಹೋಗುತ್ತೆ ಅಂದುಕೊಳ್ಳುತ್ತಾರೆ. ‘ಕರೆಂಟ್ ಮಿತಿಕಾರಕ’ ಸಾಕು ಮೇಡಂ.

———

> ಹರಿದುಹೋಗುತ್ತೆ

ಅದು ‘ಪಱಿ’, ಹಳಗನ್ನಡದ ಇನ್ನೊಂದು ರಕಾರ, ಶಕಟರೇಫ. ಇದು ‘ಪರಿ’. ಸಂಬಂಧವೇ ಇಲ್ಲ. ನಿಘಂಟು ತೆಗೆಯಿರಿ.

———

> ಕರೆಂಟ್ ಮಿತಿಕಾರಕ

ತಪ್ಪು. ಎಲ್‌ಇಡಿ ಜೊತೆ ಸಾಲಾಗಿ ಒಂದು ರೆಸಿಸ್ಟರ್ ಹಾಕಿದರೆ ಅದಕ್ಕೆ ಮಿತಿ ಅನ್ನಬಹುದು. ಡ್ರೈವರ್ ಮಾಡುವ ಕೆಲಸ ಬೇರೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು. ಅದರ ಮೇಲೆ 0.1, 0.2 ವೋಲ್ಟ್ ಏರಿದರೂ ಸಾಕು, ಕರೆಂಟ್ ಎಲ್ಲಿಗೋ ಹೋಗಿಬಿಡುತ್ತದೆ. ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತದೆ. ಆಗ ವೋಲ್ಟೇಜನ್ನು ಕದಲದಂತೆ ಹಿಡಿದರೆ ಕರೆಂಟ್ ಜಾಸ್ತಿ, ಅದರಿಂದ ಬಿಸಿ ಜಾಸ್ತಿ, ಮತ್ತೆ ಕರೆಂಟ್ ಜಾಸ್ತಿ. ಕೊನೆಗೆ ಸುಟ್ಟುಹೋಗುತ್ತದೆ.

ಅದಕ್ಕೇ ಡ್ರೈವರ್ ವೋಲ್ಟೇಜನ್ನು ಸಡಿಲ ಬಿಟ್ಟು ಕರೆಂಟನ್ನು ಹಿಡಿಯುತ್ತದೆ. ಕರೆಂಟ್ ಹಾಯುವ ದಾರಿಯಲ್ಲಿ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ, 0.57 ಓಮ್ ಅಂದುಕೊಳ್ಳಿ. 350 ಮಿಲಿಆಂಪಿಯರ್ ಹಾದಾಗ ಅದರ ತುದಿಗಳ ನಡುವೆ 0.2 ವೋಲ್ಟ್ ಬರುತ್ತದೆ. ಡ್ರೈವರಿನ ಚಿಪ್ಪಿನೊಳಗೂ ಒಂದು 0.2 ವೋಲ್ಟ್ ಇದೆ, ಕದಲದ್ದು. ಇದಕ್ಕೂ ಅದಕ್ಕೂ ಚಿಪ್ಪು ಸದಾ ತಾಳೆ ನೋಡುತ್ತಿರುತ್ತದೆ. ಕಮ್ಮಿ ಕಂಡರೆ ಮಾಸ್‌ಫೆಟ್ಟನ್ನು (ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಹೆಚ್ಚು ಹೊತ್ತು ಆನ್ ಇಡುತ್ತದೆ, ಜಾಸ್ತಿ ಕಂಡರೆ ಬೇಗ ಆಫ್ ಮಾಡುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ನಡುವಿನ ಏರಿಳಿತವನ್ನು ಇಂಡಕ್ಟರ್, ಅಂದರೆ ತಂತಿಯ ಸುರುಳಿ, ತಗ್ಗಿಸುತ್ತದೆ.

10 ಎಲ್‌ಇಡಿ ಸಾಲಾಗಿದ್ದರೆ 30 ವೋಲ್ಟ್, 12 ಇದ್ದರೆ 36, ಅದೇ ಹೊಂದಿಸಿಕೊಳ್ಳುತ್ತದೆ. ಲೇಬಲ್ಲಿನಲ್ಲಿ ಕರೆಂಟಿಗೆ ಒಂದೇ ಅಂಕಿ, ವೋಲ್ಟೇಜಿಗೆ ಎರಡು ಇರುವುದು ಅದಕ್ಕೇ. ಇಳಿದದ್ದನ್ನು ಏರಿಸುವುದೂ ಇದರ ಕೆಲಸ, ‘ಮಿತಿ’ಯಲ್ಲಿ ಅದು ಬರುವುದಿಲ್ಲ. ‘ಸ್ಥಿರ’ವೇ ಸರಿ. ಎಚ್ಚರಿಕೆಯ ಸಾಲನ್ನು ಮಾತ್ರ ಬಿಡಬೇಡಿ. 12 ವೋಲ್ಟಿನ ತುಂಡು ಪಟ್ಟಿ ಸಿಕ್ಕಿಸಿದರೆ, 350 ಹಾಯಲೇಬೇಕು ಅಂತ ವೋಲ್ಟೇಜ್ ಏರಿಸುತ್ತಾ ಹೋಗಿ ಪಟ್ಟಿಯನ್ನೇ ಸುಡಬಹುದು.

———

> ‘ಸ್ಥಿರ’ವೇ ಸರಿ

‘ಸ್ಥಿರ ಕರೆಂಟ್’ ಅಂದರೆ ನಮ್ಮ ಕಡೆ ಲೋಡ್‌ಶೆಡ್ಡಿಂಗ್ ಇಲ್ಲ ಅಂತ ಅರ್ಥ. ಕರೆಂಟ್ ಹೋಯ್ತು, ಕರೆಂಟ್ ಬಂತು, ಕರೆಂಟ್ ಕಂಬ, ಕರೆಂಟ್ ಬಿಲ್ಲು. ನಾವು ಕರೆಂಟ್ ಅನ್ನುವುದು ವಿದ್ಯುತ್ತಿಗೇ, ಅದು ಎಷ್ಟು ಹರಿಯುತ್ತೆ ಅನ್ನುವುದಕ್ಕಲ್ಲ. ಡಬ್ಬ ಬಿಚ್ಚುವ ಎಲೆಕ್ಟ್ರಿಷಿಯನ್ ‘ಎಷ್ಟು ಆಂಪ್ಸ್’ ಅಂತ ಕೇಳುತ್ತಾನೆ. ‘ಸ್ಥಿರ ಆಂಪಿಯರ್’, ‘ಸ್ಥಿರ ವೋಲ್ಟೇಜ್’ ಅಂತ ಹಾಕಿ ಮುಗಿಸಿ.

———

ಆಂಪಿಯರ್ ಅಳತೆಯ ಮಾನ. ಅದನ್ನೇ ಅಳೆಯುವ ವಸ್ತುವಿಗೆ ಹೆಸರಾಗಿ ಇಡುವುದು ಸರಿಯಲ್ಲ.

———

ವೋಲ್ಟೇಜ್ ಎಲ್ಲಿಂದ ಬಂತು ಸ್ವಾಮಿ? ವೋಲ್ಟಿನಿಂದಲೇ ಅಲ್ವಾ?

———

‘ಸ್ಥಿರ ಆಂಪಿಯರ್ ಡ್ರೈವರ್’. ಮೂರು ಪದ, ಒಂದೂ ಕನ್ನಡದ್ದಲ್ಲ. ಭೇಷ್.

———

> ಒಂದೂ ಕನ್ನಡದ್ದಲ್ಲ

ಸುಮ್ನೆ ಕೂಗಾಡಬೇಡಿ. ನಮ್ಮ ಸಾರಿಗೆ ಬಸ್ಸುಗಳಲ್ಲಿ ‘ಚಾಲಕ’, ‘ನಿರ್ವಾಹಕ’ ಅಂತ ಬರೆದಿರುತ್ತಾರೆ. ಅವೂ ನಿಮ್ಮ ಲೆಕ್ಕದಲ್ಲಿ ಎರವಲೇ, ಸಂಸ್ಕೃತದ್ದು. ಜನ ಕರೆಯುವುದು ಡ್ರೈವರ್, ಕಂಡಕ್ಟರ್. ಒಂದು ಎರವಲನ್ನು ಇನ್ನೊಂದು ಎರವಲು ಓಡಿಸಿತು, ಅಷ್ಟೇ. ‘ನಡೆಸುಗ’ ಅಂತ ಕೂಗಿ ನೋಡಿ, ಯಾವ ಬಸ್ಸೂ ನಿಲ್ಲುವುದಿಲ್ಲ.

———

ಜನ ಕರೆದದ್ದೇ ಪದ ಅಂದಮೇಲೆ ಇಲ್ಲಿ ಬಂದು ಕೇಳುವುದು ಯಾಕೆ? ಎರವಲು ತರುವುದಕ್ಕೆ ನನ್ನ ತಕರಾರಿಲ್ಲ. ಬಸ್ಸು ಅಂತ ಕೊನೆಯಲ್ಲಿ ಉಕಾರ ಹಚ್ಚಿ ನಮ್ಮದು ಮಾಡಿಕೊಂಡೆವು. ನೀವು ‘ಡ್ರೈವರ್’ ಅನ್ನು ಅರ್ಧಾಕ್ಷರದಲ್ಲೇ ನೇತುಹಾಕಿದ್ದೀರಿ.

———

ಎಲ್ಲರಿಗೂ ಥ್ಯಾಂಕ್ಸ್. ಲೇಬಲ್ಲಿನಲ್ಲಿ ‘ಸ್ಥಿರ ಆಂಪಿಯರ್’, ಎಚ್ಚರಿಕೆಯಲ್ಲಿ ‘ಸ್ಥಿರ ವೋಲ್ಟೇಜ್’ ಹಾಕುತ್ತಿದ್ದೇನೆ. ಕೈಪಿಡಿಯ ಒಳಗೆ ಮೊದಲ ಸಲ ಬಂದಾಗ ‘ಒಂದೇ ಪ್ರಮಾಣದ ವಿದ್ಯುತ್ ಪ್ರವಾಹ’ ಅಂತ ಬಿಡಿಸಿ ಬರೆಯುತ್ತೇನೆ. ವಿದ್ಯುತ್ ಜೊತೆಗಿದ್ದರೆ ಯಾರೂ ಹೊಳೆ ಅಂದುಕೊಳ್ಳುವುದಿಲ್ಲ. ಡ್ರೈವರ್ ಡ್ರೈವರಾಗಿಯೇ ಇರಲಿ, ‘ನಡೆಸುಗ’ಕ್ಕೆ ಜಾಗ ಇಲ್ಲ.

———

ಹೆಚ್ಚೆಂದರೆ ಒಂದಕ್ಷರ ಉದ್ದ. ಜಾಗದ ನೆಪ ಬೇಡ.