ಭಾವನ ಕಾರ್ ಸಾಲಕ್ಕೆ ನನ್ನ ಸೈನು: ಹಾಕಲಾ, ಬೇಡವಾ?

ಹಳೇಸೈಕಲ್: ಭಾವ ಕಾರು ಕೊಳ್ಳುತ್ತಿದ್ದಾರೆ. ಅವರ ಸಿಬಿಲ್ ಸ್ಕೋರ್ (ಹಿಂದೆ ಸಾಲ ಹೇಗೆ ತೀರಿಸಿದ್ದಾರೆ ಎಂಬುದರ ಅಂಕ) ಅಷ್ಟಕ್ಕಷ್ಟೇ. ನಾನು ಜಾಮೀನು ನಿಂತರೆ ಮಾತ್ರ ಸಾಲ ಎಂದಿದ್ದಾರೆ ಬ್ಯಾಂಕಿನವರು. 5 ವರ್ಷದ ಸಾಲ. 'ಸುಮ್ನೆ ಒಂದು ಸೈನು ಕಣೋ' ಅಂತಾಳೆ ಅಕ್ಕ. ಕಂತು ತಪ್ಪಿದರೆ ಮೊದಲು ಕಾರು ಎತ್ತಿಕೊಂಡು ಹೋಗುತ್ತಾರೆ, ಸಾಲದಿದ್ದರೆ ತಾನೇ ನನ್ನ ಹತ್ತಿರ ಬರುವುದು?

ಕರಿಕೋಟು: ಇಲ್ಲ. ತುಂಬಾ ಜನ ಎಡವುವುದೇ ಇಲ್ಲಿ. ಭಾರತೀಯ ಕರಾರು ಕಾಯ್ದೆ, 1872ರ ಕಲಂ 128 ನೋಡಿ. ಕರಾರಿನಲ್ಲಿ ಬೇರೆ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. 'ಮೊದಲು ಅವರನ್ನು ಕೇಳಿ' ಎಂದು ಬ್ಯಾಂಕನ್ನು ತಡೆಯಲು ಆಗುವುದಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಯಾವಾಗಲೋ ಹೇಳಿಬಿಟ್ಟಿದೆ.

ಮುಂಗಾರು: ಸುಮ್ನೆ ಹೆದರಿಸಬೇಡಿ ಸಾರ್. ನಾನು ಗೆಳೆಯನಿಗೆ ಜಾಮೀನು ನಿಂತಿದ್ದೆ, ಸಾಲ ತೀರಿತು, ನನಗೆ ಒಂದು ಫೋನೂ ಬರಲಿಲ್ಲ. ಮನೆಯವರಿಗೇ ಆಗದಿದ್ದರೆ ಇನ್ಯಾರಿಗೆ ಆಗುತ್ತೀರಿ? ಕಟ್ಟಿದ ಹಣ ವಾಪಸ್ ಕೇಳುವ ಹಕ್ಕೂ ಇದೆಯಲ್ಲ.

ಕರಿಕೋಟು: ಇದೆ, ಇಲ್ಲ ಎನ್ನಲಿಲ್ಲ. ಕಲಂ 145ರಂತೆ ಭಾವನಿಂದ ವಸೂಲಿ ಮಾಡಬಹುದು. ಬಾಕಿಯನ್ನೆಲ್ಲ ನೀವೇ ತೀರಿಸಿದರೆ, ಕಲಂ 140ರಂತೆ ಬ್ಯಾಂಕಿಗಿದ್ದ ಹಕ್ಕು ನಿಮಗೆ ಬರುತ್ತದೆ. ಆದರೆ ಇವು ಜೇಬಿನಿಂದ ದುಡ್ಡು ಹೋದ ಮೇಲಿನ ಮಾತು. ದಾವೆ ಹಾಕಲು ಕಟ್ಟಿದ ದಿನದಿಂದ 3 ವರ್ಷ ಕಾಲವಿದೆ. ಅಕ್ಕನ ಗಂಡನ ಮೇಲೆ ಕೋರ್ಟಿಗೆ ಹೋಗುತ್ತೀರಾ? ಅದನ್ನು ಕಾಯ್ದೆ ಹೇಳುವುದಿಲ್ಲ.

ಇನ್ನೊಂದು. ನಿಮ್ಮನ್ನು ಕೇಳದೆ ಸಾಲದ ಷರತ್ತು ಬದಲಿಸಿದರೆ, ಆ ಮೇಲಿನದಕ್ಕೆ ನೀವು ಹೊಣೆಯಲ್ಲ (ಕಲಂ 133). ಆದರೆ ಅಚ್ಚಾದ ಫಾರಂಗಳಲ್ಲಿ ಇಂಥ ಹಕ್ಕನ್ನು ಮೊದಲೇ ಬಿಟ್ಟುಕೊಡಿಸುವ ಸಾಲು ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ.

ಲೆಕ್ಕಿಗ: ತಮ್ಮನಿಗೆ ಜಾಮೀನು ನಿಂತಿದ್ದೆ. ಅವನು ಕಂತು ತಪ್ಪಿಸುತ್ತಿದ್ದಾನೆ ಎಂದು ನನಗೆ ಗೊತ್ತಾಗಿದ್ದು ನನ್ನ ಮನೆ ಸಾಲದ ಅರ್ಜಿ ವಾಪಸ್ ಬಂದಾಗ. ಆ ಸಾಲ ನನ್ನ ಕ್ರೆಡಿಟ್ ವರದಿಯಲ್ಲೂ ಇತ್ತು! ಜಾಮೀನು ಬಿಡುತ್ತೇನೆ ಎಂದರೆ, ಬೇರೆಯವರನ್ನು ಕರೆತನ್ನಿ ಅಂದರು. ಯಾರು ಬರುತ್ತಾರೆ? ಕಂತಿನ ಎಸ್ಎಂಎಸ್ ನಿಮ್ಮ ನಂಬರಿಗೂ ಬರುವಂತೆ ಮೊದಲೇ ಕೇಳಿ. ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ನೋಡುತ್ತಿರಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಆರ್‌ಬಿಐ ನಿಯಮ ಇದು.

ಮುಂಗಾರು: ವರದಿಯಲ್ಲಿ ಬರುತ್ತದೆ ಎಂದು ಗೊತ್ತಿರಲಿಲ್ಲ. ಈಗ ನನ್ನದನ್ನೂ ತೆಗೆದು ನೋಡುತ್ತೇನೆ. ಆದರೂ ಬೇಡ ಅನ್ನುವುದು ಅಷ್ಟು ಸುಲಭ ಅಲ್ಲ ಬಿಡಿ.

ಹಳೇಸೈಕಲ್: ಫಾರಂ ತರಿಸಿ ನೋಡಿದೆ. ಅದರಲ್ಲಿ ಜಾಮೀನುದಾರ ಅಂತಲೇ ಇಲ್ಲ, 'ಕೋ-ಅಪ್ಲಿಕೆಂಟ್' ಅಂತಿದೆ. ಎರಡೂ ಒಂದೇ ಅಲ್ವಾ?

ಕರಿಕೋಟು: ಅಯ್ಯೋ, ಅಲ್ಲ! ಆಗ ನೀವೂ ಸಾಲಗಾರರೇ. ಕಲಂ 43ರ ಲೆಕ್ಕದಲ್ಲಿ, ಬೇರೆ ಮಾತಾಗಿರದಿದ್ದರೆ ಜೊತೆ ಸಾಲಗಾರರದು ಸಮಪಾಲು. ಪೂರ್ತಿ ಕಟ್ಟಿದರೂ ಅರ್ಧ ಮಾತ್ರ ಕೇಳಿ ಅನ್ನಬಹುದು ಭಾವ. ಆರ್‌ಸಿಯಲ್ಲಿ ಅವರೊಬ್ಬರದೇ ಹೆಸರಿದ್ದರೆ ಸಾಲ ಇಬ್ಬರದು, ಕಾರು ಅವರದು. 'ಸಾಲ ಪೂರ್ತಿ ನನ್ನದು, ನೀನು ಕಟ್ಟಿದ್ದನ್ನೆಲ್ಲ ನಾನು ಕೊಡುತ್ತೇನೆ' ಎಂದು ಅವರಿಂದ ಬರೆಸಿಕೊಳ್ಳಿ. ಆ ಪತ್ರ ಬ್ಯಾಂಕನ್ನು ತಡೆಯುವುದಿಲ್ಲ, ನಿಮ್ಮಿಬ್ಬರ ಮಧ್ಯೆ ಮಾತ್ರ ಕೆಲಸಕ್ಕೆ ಬರುತ್ತದೆ.

ಹಳೇಸೈಕಲ್: ಪತ್ರ ಅಂದ ಕೂಡಲೇ ಅಕ್ಕ 'ನಮ್ಮ ಮೇಲೆ ನಂಬಿಕೆ ಇಲ್ವಾ' ಅಂದಳು. ಭಾವ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸೆಕೆಂಡ್ ಹ್ಯಾಂಡ್ ನೋಡೋಣ, ಆಗ ಸಾಲ ಕಮ್ಮಿ ಆಗುತ್ತೆ' ಅಂದರು. ಫಾರಂ ಇನ್ನೂ ನನ್ನ ಮೇಜಿನ ಮೇಲೇ ಇದೆ.